ಸೊಂಟ ನೋವಿಗೂ ಕೊಲೆಸ್ಟ್ರಾಲ್‌ಗೂ ಏನು ನಂಟು?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟು ಬಂದವನು. ಆದರೂ ಈ ವಿಷಯದ ಬಗ್ಗೆ ಬರೆಯಲು ಕಾರಣ ನಮ್ಮ ಅಬ್ಬಾ. ಅವರದು ಸಿಮೆಂಟು, ಕಬ್ಬಿಣದ ಅಂಗಡಿ. 50 ಕೆ.ಜಿ. ಮೂಟೆಗಳನ್ನು ಇಪ್ಪತ್ತು ವರ್ಷದಿಂದ ಎತ್ತಿ ಇಳಿಸುತ್ತಿದ್ದಾರೆ. ಕಳೆದ ವರ್ಷ ಸೊಂಟ ಹಿಡಿದುಕೊಂಡು, ನಮಾಜನ್ನೂ ಕುರ್ಚಿಯ ಮೇಲೆ ಕೂತು ಮಾಡುವಂತಾಯಿತು. ಸ್ಕ್ಯಾನ್ ಮಾಡಿಸಿದಾಗ ಡಿಸ್ಕ್ ಸವೆದಿದೆ ಎಂದು ಗೊತ್ತಾಯಿತು. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ 252 ಬಂತು. 200ಕ್ಕಿಂತ ಕಡಿಮೆ ಇರಬೇಕಂತೆ.

ವೈದ್ಯರು ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟರು. "ಕೊಬ್ಬು ಇಳಿದರೆ ಸೊಂಟವೂ ತಾನಾಗಿ ಸರಿಹೋಗುತ್ತದೆ" ಎಂದು ಸಂಬಂಧಿಕರೊಬ್ಬರು ಹೇಳಿದರು. ಮೂರು ತಿಂಗಳಾದರೂ ನೋವು ಹೋಗಲಿಲ್ಲ. ಅಬ್ಬಾ ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಕೆಲಸ ಮಾಡದ ಮಾತ್ರೆಗೆ ದುಡ್ಡು ಯಾಕೆ ಎಂಬುದು ಅವರ ಲೆಕ್ಕ. ಅಮ್ಮಿ ಅತ್ತರು. ನಾನು ಓದಲು ಕೂತೆ.

ನಮ್ಮ ಬೆನ್ನೆಲುಬಿನಲ್ಲಿ ಮೂಳೆ ಮೂಳೆಗಳ ನಡುವೆ ಒಟ್ಟು 23 ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆಯಂಥ ತಿರುಳು. ನನಗೆ ಆಶ್ಚರ್ಯವಾದದ್ದು, ದೊಡ್ಡವರ ಡಿಸ್ಕ್‌ನ ಒಳಗೆ ರಕ್ತನಾಳಗಳೇ ಇರುವುದಿಲ್ಲ ಎನ್ನಬಹುದು. ಮೇಲಿನ ಮತ್ತು ಕೆಳಗಿನ ಮೂಳೆಯ ತನಕ ಬಂದ ರಕ್ತದಿಂದ ಆಮ್ಲಜನಕ, ಗ್ಲೂಕೋಸ್ ತೆಳುವಾದ ಮೃದ್ವಸ್ಥಿಯ ಮೂಲಕ ಮೆಲ್ಲಗೆ ಒಳಗೆ ಜಿನುಗಬೇಕು. ನಮ್ಮ ಗಲ್ಲಿಯ ಅಂಗಡಿಗಳ ಹಾಗೆಯೇ: ಲಾರಿ ಒಳಗೆ ಬರುವುದಿಲ್ಲ, ಮೇನ್ ರೋಡಿನಲ್ಲಿ ಇಳಿಸಿದ ಮಾಲನ್ನು ತಳ್ಳುಗಾಡಿಯಲ್ಲಿ ತರಬೇಕು.

ಇಲ್ಲಿ ಮೇನ್ ರೋಡು ಎಂದರೆ ಹೃದಯದಿಂದ ಹೊಟ್ಟೆಗೆ ಇಳಿಯುವ ಮಹಾಪಧಮನಿ. ಅದರ ಹಿಂಭಾಗದಿಂದ ಸೊಂಟದ ಮೂಳೆಗಳಿಗೆ ಸಣ್ಣ ಕವಲುಗಳು ಹೊರಡುತ್ತವೆ. ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಹೆಚ್ಚಾಗಿ ನಾಳದ ಗೋಡೆಯಲ್ಲಿ ಕೂತರೆ ಈ ಕವಲುಗಳ ಬಾಯಿ ಕಿರಿದಾಗಬಹುದು. ಆಗ ಡಿಸ್ಕ್ ಹಸಿವಿನಿಂದ ಒಣಗುತ್ತದೆ ಎಂಬುದು ವಾದ.

ಇದು ಬರೀ ಊಹೆಯಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ಹೃದ್ರೋಗದ ದೊಡ್ಡ ಅಧ್ಯಯನ ನಡೆಯುತ್ತಿದೆ. ಅಲ್ಲಿನವರ ಸೊಂಟದ ಎಕ್ಸ್‌ರೇಗಳನ್ನು 25 ವರ್ಷಗಳ ಅಂತರದಲ್ಲಿ ಹೋಲಿಸಿ ಕೌಪ್ಪಿಲಾ ಮತ್ತು ಸಂಗಡಿಗರು 1997ರಲ್ಲಿ ವರದಿ ಪ್ರಕಟಿಸಿದರು. ಮಹಾಪಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿದವರಲ್ಲಿ ಡಿಸ್ಕ್ ಸವೆತವೂ ಬೆನ್ನುನೋವೂ ಹೆಚ್ಚು ಕಂಡಿತ್ತು. ಆದರೆ ರಕ್ತದ ಕೊಲೆಸ್ಟ್ರಾಲನ್ನೇ ಅಳೆದ ಅಧ್ಯಯನಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ.

ಈಗ ನಮ್ಮ ಅರ್ಥಶಾಸ್ತ್ರ ಪುಸ್ತಕದ ಸಹಸಂಬಂಧ ಪಾಠ ನೆನಪಿಸಿಕೊಳ್ಳಿ. ಐಸ್‌ಕ್ರೀಮ್ ಮಾರಾಟ ಹೆಚ್ಚಾದಾಗ ನೀರಿನಲ್ಲಿ ಮುಳುಗಿ ಸಾಯುವವರೂ ಹೆಚ್ಚುತ್ತಾರೆ; ಕಾರಣ ಐಸ್‌ಕ್ರೀಮ್ ಅಲ್ಲ, ಬಿಸಿಲು. (ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.) ವಯಸ್ಸು, ಸಿಗರೇಟು, ದೇಹದ ತೂಕ ಇವು ನಾಳವನ್ನೂ ಕೆಡಿಸಬಹುದು, ಡಿಸ್ಕನ್ನೂ ಕೆಡಿಸಬಹುದು. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಡಿಸ್ಕ್ ಸವೆತದಲ್ಲಿ ಅನುವಂಶಿಕತೆಯ ಪಾಲೇ ದೊಡ್ಡದು ಎಂದಿವೆ. ನಮ್ಮ ದಾದಾ ಕೂಡ ಕೋಲು ಹಿಡಿದೇ ನಡೆಯುತ್ತಿದ್ದರು.

ಇನ್ನೊಂದು ಮಾತು. ನಂಟು ನಿಜವೇ ಆಗಿದ್ದರೂ ಒಮ್ಮೆ ಸವೆದ ಡಿಸ್ಕ್ ಮಾತ್ರೆಯಿಂದ ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಆ ಮಾತ್ರೆಯ ಕೆಲಸ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ತಗ್ಗಿಸುವುದು. ಅಬ್ಬಾ ಅದರ ಲಾಭವನ್ನು ಸೊಂಟದ ಖಾತೆಯಲ್ಲಿ ಹುಡುಕುತ್ತಿದ್ದರು; ಅದು ಜಮೆಯಾಗುತ್ತಿದ್ದದ್ದು ಹೃದಯದ ಖಾತೆಗೆ.

ಹೀಗೆ ಖಾತೆಯ ಭಾಷೆಯಲ್ಲಿ ಹೇಳಿದ ಮೇಲೆಯೇ ಅವರು ಒಪ್ಪಿದ್ದು. ಮತ್ತೆ ವೈದ್ಯರ ಹತ್ತಿರ ಹೋಗಿ ಬಂದೆವು. ಮಾತ್ರೆ ಮುಂದುವರಿದಿದೆ, ಸೊಂಟಕ್ಕೆ ಬೇರೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮೂಟೆ ಎತ್ತಬೇಡಿ ಎಂದದ್ದನ್ನು ಮಾತ್ರ ಅಬ್ಬಾ ಇನ್ನೂ ಕೇಳಿಲ್ಲ. ಅಂಗಡಿಗೆ ಲೋಡು ಬರುವ ದಿನ ಕಾಲೇಜು ಬಿಟ್ಟ ಕೂಡಲೇ ನಾನು ಓಡುತ್ತೇನೆ.