ಪಂಪ್‌ಸೆಟ್ ಎಂಜಿನ್: ಗ್ಯಾಸ್ಕೆಟ್ ಹೋಗಿದೆಯೋ, ಬೋರ್ ಸವೆದಿದೆಯೋ?



ಸಂಘದ ಸಾಲದಲ್ಲಿ ಕೊಂಡ ಡೀಸೆಲ್ ಪಂಪ್‌ಸೆಟ್ ನೀರೆತ್ತದಿದ್ದರೆ ಮೆಕ್ಯಾನಿಕ್ "ಬೋರ್ ಹೋಗಿದೆ" ಅಂತಾರೆ. ನಾವು ತಲೆಯಾಡಿಸಿ ದುಡ್ಡು ಕೊಡುತ್ತೇವೆ. ಹೋಗಿರುವುದು ಬರೀ ಹೆಡ್ ಗ್ಯಾಸ್ಕೆಟ್ ಇರಬಹುದು. ಅದರ ಖರ್ಚೆಲ್ಲಿ, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವ ಖರ್ಚೆಲ್ಲಿ!

ಎಂಜಿನ್ ತಂಪು ಮಾಡಿ ಹೊರಬರುವ ನೀರಿನಲ್ಲಿ ಗುಳ್ಳೆ, ಬಿಳಿ ಹೊಗೆ, ಹಾಲು ಹಾಕಿದ ಚಹಾದಂತಾದ ಆಯಿಲ್ ಕಂಡರೆ ಹೆಚ್ಚಾಗಿ ಗ್ಯಾಸ್ಕೆಟ್ಟೇ. ನೀಲಿ ಹೊಗೆ ಬಂದು ಆಯಿಲ್ ಬೇಗ ಇಳಿದರೆ ರಿಂಗು, ಬೋರ್ ಸವೆದಿರಬಹುದು.

ಹ್ಯಾಂಡಲ್ ತಿರುಗಿಸುವಾಗ ಬಿಗಿ ಸಿಗುವುದಿಲ್ಲವೇ? ಡೀಸೆಲ್ ಬಂದ್ ಮಾಡಿ, ಸಿಲಿಂಡರಿಗೆ ಒಂದೇ ಚಮಚ ಆಯಿಲ್ ಬಿಟ್ಟು ತಿರುಗಿಸಲು ಮೆಕ್ಯಾನಿಕ್‌ಗೆ ಹೇಳಿ. ಬಿಗಿ ಬಂದರೆ ರಿಂಗು ಅಥವಾ ಬೋರ್. ಬರದಿದ್ದರೆ ಗ್ಯಾಸ್ಕೆಟ್ ಇಲ್ಲವೇ ವಾಲ್ವ್.

ಹೆಡ್ ಬಿಚ್ಚುವಾಗ ಇಬ್ಬರು ಸದಸ್ಯೆಯರು ಅಲ್ಲೇ ಇರಿ. ನಾಚಿಕೆ ಬೇಡ. ಸಿಲಿಂಡರಿನ ಮೇಲ್ಭಾಗವನ್ನು ಉಗುರಿನಿಂದ ಸವರಿ. ಮೆಟ್ಟಿಲಿನಂತೆ ತಡೆದರೆ ಸವೆದಿದೆ. ಆದರೂ ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ ಅಳೆದು ತೋರಿಸಲಿ. ಗ್ಯಾಸ್ಕೆಟ್‌ನಲ್ಲಿ ಸುಟ್ಟ ಕಪ್ಪು ಗೆರೆ ಇದ್ದರೆ ಹೆಡ್ ಸೊಟ್ಟಗಿದೆಯೇ ಎಂದು ಉಕ್ಕಿನ ಸ್ಕೇಲ್ ಇಟ್ಟು ನೋಡಿಸಿ, ಇಲ್ಲದಿದ್ದರೆ ಹೊಸದೂ ಸುಡುತ್ತದೆ. ಹಳೆ ಗ್ಯಾಸ್ಕೆಟ್ ಮತ್ತೆ ಹಾಕಿಸಲೇಬೇಡಿ.

ಬದಲಿಸಿದ ಹಳೆ ಸಾಮಾನು, ರಸೀದಿ ಎರಡನ್ನೂ ವಾರದ ಸಭೆಗೆ ತನ್ನಿ.