ಬಿಗಿಯಾದ ಇಗ್ನಿಷನ್ ಲಾಕ್: ಎಣ್ಣೆಗಿಂತ ಮೊದಲು ಶುಚಿ



ಮಾರುತಿ 800 ಕಾರು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿಯಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಎಂದರೆ ಇಂದು ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ರಸ್ತೆಗಳಲ್ಲಿ ಕಾಣುವ ಪ್ರತಿಯೊಂದು 800 ಕಾರಿಗೂ ಹತ್ತು ವರ್ಷ ದಾಟಿದೆ. ದಿನಕ್ಕೆ ಆರು ಸಲ, ವರ್ಷಕ್ಕೆ 300 ದಿನ, ಹದಿನೈದು ವರ್ಷ ಕೀ ತಿರುಗಿಸಿದರೆ 27,000 ಸಲವಾಯಿತು. ಅಷ್ಟು ದುಡಿದ ಲಾಕ್ ಒಂದು ಬೆಳಿಗ್ಗೆ ಬಿಗಿಯಾಗುವುದು ಸಹಜ.

ಆಗ ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ: ಎರಡು ಹನಿ ಕೊಬ್ಬರಿ ಎಣ್ಣೆ ಬಿಡುವುದು, ಅದಕ್ಕೂ ಬಗ್ಗದಿದ್ದರೆ ಪ್ಲೈಯರ್ ಹಿಡಿದು ತಿರುಗಿಸುವುದು. ಎರಡೂ ತಪ್ಪು. ಕೀ ಒಳಗೇ ಮುರಿದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಬಾಡಿಗೆಗೆ ಓಡಿಸುವವರ ಮನೆಯಲ್ಲಿ ಆ ದಿನದ ದುಡಿಮೆಯೇ ಹೋಗುತ್ತದೆ. ಇದನ್ನು ತಡೆಯಲು ಬೇಕಾದ ವಿಜ್ಞಾನ ನಮ್ಮ ಪಿಯುಸಿ ಪಠ್ಯದಲ್ಲೇ ಇದೆ.

ಲಾಕ್ ಒಳಗೆ ಏನಿದೆ?

ಕೀ ಹೋಗುವ ತಿರುಗುವ ಭಾಗವೇ ಸಿಲಿಂಡರ್. ಅದರೊಳಗೆ ವೇಫರ್ ಎಂಬ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿವೆ. ಒಂದೊಂದರ ಹಿಂದೆಯೂ ಸಣ್ಣ ಸ್ಪ್ರಿಂಗ್ ಇದೆ. ಕೀ ಇಲ್ಲದಾಗ ಸ್ಪ್ರಿಂಗ್‌ಗಳು ಬಿಲ್ಲೆಗಳನ್ನು ಹೊರಗಿನ ಕವಚದ ಗಾಡಿಗೆ ತಳ್ಳುತ್ತವೆ, ಸಿಲಿಂಡರ್ ತಿರುಗುವುದಿಲ್ಲ. ಸರಿಯಾದ ಕೀ ಹಾಕಿದಾಗ ಅದರ ಏರಿಳಿತಗಳು ಎಲ್ಲ ಬಿಲ್ಲೆಗಳನ್ನೂ ಸಿಲಿಂಡರಿನ ಮಟ್ಟಕ್ಕೆ ತರುತ್ತವೆ. ಒಂದೇ ಒಂದು ಬಿಲ್ಲೆ ಕೊಳೆಗೆ ಅಂಟಿಕೊಂಡು ನಿಂತರೂ ಸಾಕು, ಲಾಕ್ ಹಟ ಹಿಡಿಯುತ್ತದೆ.

ಸಿಲಿಂಡರಿನ ಹಿಂದೆ ವಿದ್ಯುತ್ ಸ್ವಿಚ್ ಇದೆ. ಲಾಕ್, ಎಸಿಸಿ, ಆನ್, ಸ್ಟಾರ್ಟ್ ಎಂಬ ಸ್ಥಾನಗಳು ಅದರವು. ಆದ್ದರಿಂದ ಕೀ ತೂತಿಗೆ ಸುರಿದದ್ದು ಸ್ವಿಚ್ಚಿಗೂ ಇಳಿಯಬಹುದು ಎಂಬುದನ್ನು ಮರೆಯಬಾರದು.

ಎಣ್ಣೆ ಏಕೆ ಬೇಡ?

ಎಣ್ಣೆ ಹಾಕಿದ ದಿನ ಕೀ ಸಲೀಸಾಗಿ ತಿರುಗುತ್ತದೆ. ಆದರೆ ರಸ್ತೆಯ ಧೂಳು ಎಣ್ಣೆಗೆ ಅಂಟುತ್ತದೆ, ಸವೆದ ಲೋಹದ ಪುಡಿಯೂ ಸೇರಿ ಕಪ್ಪು ಮಡ್ಡಿಯಾಗುತ್ತದೆ. ಕೊಬ್ಬರಿ ಎಣ್ಣೆಗೆ ಇನ್ನೊಂದು ತೊಂದರೆ ಇದೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗಿನ ತಾಪಮಾನ ಇದಕ್ಕಿಂತ ಎಷ್ಟೋ ಕಡಿಮೆ. ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಲಾಕ್‌ನಲ್ಲೂ ಹೆಪ್ಪುಗಟ್ಟುತ್ತದೆ.

ಡಬ್ಲ್ಯುಡಿ-40 ಸ್ಪ್ರೇ 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯಲು. ಅದು ಕೊಳೆಯನ್ನು ಸಡಿಲಿಸುತ್ತದೆ, ನಿಜ. ಆದರೆ ಕೊನೆಗೆ ಉಳಿಯುವುದು ತೆಳುವಾದ ಎಣ್ಣೆಯ ಪದರವೇ.

ಗ್ರಾಫೈಟ್ ಜಾರುವುದು ಹೇಗೆ?

ಗ್ರಾಫೈಟ್‌ನಲ್ಲಿ ಪ್ರತಿ ಇಂಗಾಲದ ಪರಮಾಣು ಮೂರು ಪರಮಾಣುಗಳ ಜೊತೆ ಗಟ್ಟಿಯಾಗಿ ಬಂಧಗೊಂಡು ಷಟ್ಕೋನಗಳ ಪದರವಾಗುತ್ತದೆ. ಪದರದೊಳಗೆ ಪರಮಾಣುಗಳ ಅಂತರ ಸುಮಾರು 142 ಪಿಕೋಮೀಟರ್. ಪದರ ಪದರಗಳ ನಡುವೆ ಸುಮಾರು 335. ಪದರಗಳನ್ನು ಹಿಡಿದಿರುವುದು ದುರ್ಬಲ ವ್ಯಾನ್ ಡರ್ ವಾಲ್ಸ್ ಬಲ ಮಾತ್ರ. ಹಾಗಾಗಿ ಒಂದರ ಮೇಲೊಂದು ಜಾರುತ್ತವೆ. ಇದು ಒಣ ಪುಡಿಯಾದ್ದರಿಂದ ಎಣ್ಣೆಯಷ್ಟು ಧೂಳನ್ನು ಹಿಡಿದುಕೊಳ್ಳುವುದಿಲ್ಲ. ಆದರೆ ಪ್ರತಿ ಪರಮಾಣುವಿನ ನಾಲ್ಕನೆಯ ಎಲೆಕ್ಟ್ರಾನ್ ಪದರದುದ್ದಕ್ಕೂ ಓಡಾಡುವುದರಿಂದ ಗ್ರಾಫೈಟ್ ವಿದ್ಯುದ್ವಾಹಕ. ಹೆಚ್ಚು ತುಂಬಿದರೆ ಸ್ವಿಚ್ಚಿಗೆ ಅಪಾಯ, ಚಿಟಿಕೆಯಷ್ಟು ಸಾಕು.

ಮೊದಲು ಪರೀಕ್ಷೆ

ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡಿಸುತ್ತಾ ಕೀ ತಿರುಗಿಸಿ. ತಿರುಗಿದರೆ ಸ್ಟೀರಿಂಗ್ ಲಾಕ್ ಒತ್ತಿ ಹಿಡಿದಿತ್ತು ಅಷ್ಟೇ. ನಂತರ ಬಳಸದೇ ಇಟ್ಟಿರುವ ಎರಡನೇ ಕೀ ಹಾಕಿ ನೋಡಿ. ಅದು ಸಲೀಸಾದರೆ ಸವೆದದ್ದು ದಿನನಿತ್ಯದ ಕೀ. ಸವೆದ ಕೀಯಿಂದ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಎರಡನೇ ಕೀಯನ್ನೇ ಮಾದರಿಯಾಗಿ ಕೊಡಿ. ಎರಡೂ ಬಿಗಿಯಾಗಿದ್ದರೆ ಶುಚಿಗೊಳಿಸುವ ಕೆಲಸ ಆರಂಭಿಸಿ.

ಮಾಡುವ ಕ್ರಮ

ಬೇಕಾದದ್ದು: ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಗ್ರಾಫೈಟ್ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್, ಬಟ್ಟೆ, ಸ್ಪ್ಯಾನರ್. ಮನೆಯ ಹಿರಿಯರನ್ನು ಕೇಳಿ, ಅವರ ಎದುರಿಗೇ ಮಾಡಿ. ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

1. ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ.
2. ಕೀಯನ್ನು ಬ್ರಷ್‌ನಿಂದ ಉಜ್ಜಿ ಒರೆಸಿ. ಬಿರುಕು ಕಂಡರೆ ಆ ಕೀ ಬಳಸಬೇಡಿ.
3. ಕಾರಿನ ಬಾಗಿಲುಗಳನ್ನು ತೆರೆದಿಡಿ. ಸ್ಪ್ರೇ ಬೇಗ ಬೆಂಕಿ ಹಿಡಿಯುವಂಥದ್ದು. ಹತ್ತಿರ ಬೆಂಕಿಕಡ್ಡಿ, ಸಿಗರೇಟು ಇರಕೂಡದು.
4. ತೂತಿನೊಳಗೆ ಒಂದು ಸೆಕೆಂಡಿನಷ್ಟು ಮಾತ್ರ ಸ್ಪ್ರೇ ಮಾಡಿ. ಕೀಯನ್ನು ತಿರುಗಿಸದೆ ಹತ್ತು ಸಲ ಒಳಗೆ ಹೊರಗೆ ಆಡಿಸಿ, ಅಂಟಿದ ಮಡ್ಡಿ ಒರೆಸಿ. ಕೀ ಶುಚಿಯಾಗಿ ಹೊರಬರುವವರೆಗೆ ಪುನರಾವರ್ತಿಸಿ.
5. ಅರ್ಧ ಗಂಟೆ ಒಣಗಲು ಬಿಡಿ. ಹಸಿ ಇದ್ದಾಗ ಪುಡಿ ಹಾಕಿದರೆ ಅದೂ ಕೆಸರಾಗುತ್ತದೆ.
6. ಕೀಯ ಮೇಲೆ ಚಿಟಿಕೆ ಗ್ರಾಫೈಟ್ ಸವರಿ, ಹತ್ತು ಹದಿನೈದು ಸಲ ಆಡಿಸಿ, ಲಾಕ್‌ನಿಂದ ಆನ್‌ವರೆಗೆ ಕೆಲವು ಸಲ ತಿರುಗಿಸಿ. ಮಿಕ್ಕ ಪುಡಿ ಒರೆಸಿ.
7. ಕೀಯನ್ನು ಲಾಕ್ ಸ್ಥಾನಕ್ಕೆ ತಂದು, ಹೊರಗೆ ತೆಗೆದು, ಬ್ಯಾಟರಿ ತಂತಿ ಜೋಡಿಸಿ.

ಎಲ್ಲಿ ನಿಲ್ಲಿಸಬೇಕು?

ಇಷ್ಟಾದರೂ ಬಿಗಿಯಿದ್ದರೆ ಬಲ ಹಾಕಬೇಡಿ, ಮೆಕ್ಯಾನಿಕ್ಕಿಗೆ ತೋರಿಸಿ. ಕೀ ಆನ್ ಸ್ಥಾನದಲ್ಲೇ ಕಳಚಿ ಬರುತ್ತಿದ್ದರೆ ಲಾಕ್ ಸವೆದಿದೆ; ಅದನ್ನು ಗ್ರಾಫೈಟ್ ಸರಿಪಡಿಸದು. ಓಡುತ್ತಿರುವ ಕಾರಿನಲ್ಲಿ ಕೀಯನ್ನು ಲಾಕ್ ಸ್ಥಾನಕ್ಕೆ ಎಂದೂ ತರಬಾರದು, ಸ್ಟೀರಿಂಗ್ ಸೆರೆಯಾಗಬಹುದು. ದೊಡ್ಡ ಕೀ ಗೊಂಚಲನ್ನು ಇಗ್ನಿಷನ್ ಕೀಗೆ ನೇತುಹಾಕುವ ಅಭ್ಯಾಸವನ್ನೂ ಬಿಡಿ.

ಇಂಥ ಸೂಕ್ಷ್ಮ ಅಳತೆಯ ಕೆಲಸದಲ್ಲಿ ಆಸಕ್ತಿ ಹುಟ್ಟಿದವರಿಗೆ ದಾರಿ ದೂರವಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲೇ ಇದೆ.

ಯೋಚಿಸಿ ಉತ್ತರಿಸಿ

1. ಬ್ಯಾಟರಿಯ ನೆಗೆಟಿವ್ ತಂತಿಯನ್ನೇ ಮೊದಲು ಬಿಚ್ಚುವುದೇಕೆ? (ಸುಳಿವು: ಕಾರಿನ ಲೋಹದ ಮೈ ಯಾವ ತುದಿಗೆ ಸೇರಿದೆ?)
2. ಬೆರಳು ಕೀಯ ಅಕ್ಷದಿಂದ 1 ಸೆಂ.ಮೀ. ದೂರದಲ್ಲಿ ಒತ್ತುತ್ತದೆ, ಪ್ಲೈಯರ್ ಹಿಡಿದ ಕೈ 15 ಸೆಂ.ಮೀ. ದೂರದಲ್ಲಿ. ಬಲ ಒಂದೇ ಆದರೆ ಕೀಯ ಮೇಲಿನ ಟಾರ್ಕ್ ಎಷ್ಟು ಪಟ್ಟು ಹೆಚ್ಚುತ್ತದೆ?
3. ವಜ್ರವೂ ಇಂಗಾಲವೇ. ಅದರ ಪುಡಿ ಲಾಕ್‌ಗೆ ಏಕೆ ಆಗದು?