ಸ್ಟ್ರಾಂಗ್ ಏಲ್: ಮೊದಲು ತಾರೀಖು ನೋಡಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿದವರು ಈ ವರ್ಷದ ಮಾಲೋ, ಕೋಲ್ಡ್ ಸ್ಟೋರೇಜಿನದೋ ಎಂದು ವಿಚಾರಿಸದೆ ಬಿಡುವುದಿಲ್ಲ. ಬಿಯರ್ ಕೊಳ್ಳುವಾಗ ಮಾತ್ರ ಬಾಟಲಿ ತಣ್ಣಗಿದ್ದರೆ ಸಾಕು!

ಮೊದಲು, ಕೈಯಲ್ಲಿರುವುದು ಏನೆಂದು ತಿಳಿಯಿರಿ. ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಸಿಗುವುದು ಬಹುಪಾಲು ಲಾಗರ್, ತಂಪಿನಲ್ಲಿ ನಿಧಾನವಾಗಿ ಹುದುಗಿದ್ದು. ಏಲ್ ಸುಮಾರು 18–22 ಡಿಗ್ರಿಯಲ್ಲಿ ಹುದುಗುತ್ತದೆ. ಅದರ ಹಣ್ಣಿನ ಪರಿಮಳ ಬರುವುದು ಅಲ್ಲಿಂದಲೇ. ಕ್ರಾಫ್ಟ್ ಏಲ್ ತಾಜಾ ಆಗಿಯೇ ಬೇಕೆಂದರೆ ಬೆಂಗಳೂರಿಗೆ ಹೋದಾಗ ಟಾಯ್ಟ್, ವಿಂಡ್‌ಮಿಲ್ಸ್‌ನಂಥ, ತಾವೇ ಬಿಯರ್ ತಯಾರಿಸುವ ಪಬ್ಬುಗಳಲ್ಲಿ ಕುಡಿದು ನೋಡಿ. ತಾಜಾ ರುಚಿ ನಾಲಿಗೆಗೆ ಗೊತ್ತಾದ ಮೇಲೆ ಹಳತನ್ನು ಹಿಡಿಯುವುದು ಸುಲಭ.

ಬಾಟಲಿ ಕೊಳ್ಳುವುದಾದರೆ ತಯಾರಾದ ತಾರೀಖು ಓದಿ. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಜಾಸ್ತಿಯಿರುವ ಐಪಿಎ ಬಗೆಯ ಏಲ್ ಆದರೆ ಮೂರು ತಿಂಗಳೊಳಗಿನದನ್ನೇ ಆರಿಸಿ, ಆ ಪರಿಮಳ ಬೇಗ ಹಾರಿಹೋಗುತ್ತದೆ. ಬೆಲ್ಜಿಯಂನ ಶಿಮೇ ಬ್ಲೂ (ಆಲ್ಕೋಹಾಲ್ ಶೇ. 9) ಥರದ ಗಾಢ ಏಲ್‌ಗಳ ಲೆಕ್ಕ ಬೇರೆ, ತಂಪು ಕತ್ತಲಲ್ಲಿಟ್ಟರೆ ಕೆಲವು ವರ್ಷ ಮಾಗುತ್ತವೆ. ಅದಕ್ಕೇ ಶಿಮೇ ಬ್ಲೂ ಲೇಬಲ್ಲಿನ ಮೇಲೆ ಇಸವಿ ಇರುತ್ತದೆ.

ಆಮೇಲೆ ಇಟ್ಟ ಜಾಗ ನೋಡಿ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಬೆಳಕಿಗಿದ್ದರೆ ಹಾಪ್ಸ್ ಕೆಟ್ಟು ಗಬ್ಬು ವಾಸನೆ ಬರುತ್ತದೆ. ಕಂದು ಗಾಜು ಸುಮಾರಾಗಿ ಕಾಪಾಡುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಯಾವ ಗಾಜೂ ಉತ್ತರವಲ್ಲ. ಶೋಕೇಸಿನಲ್ಲಿ ಬಿಸಿಲು ಕಾಯುತ್ತಿರುವ ಬಾಟಲಿ ಬೇಡವೆನ್ನಿ, ಒಳಗಿನ ಪೆಟ್ಟಿಗೆಯಿಂದ ಕೇಳಿ ತೆಗೆಸಿ.

ಮನೆಯಲ್ಲಿ ಫ್ರಿಜ್ಜಿನಿಂದ ತೆಗೆದು ಹದಿನೈದು-ಇಪ್ಪತ್ತು ನಿಮಿಷ ಬಿಡಿ. ಏಲ್‌ಗೆ 10–13 ಡಿಗ್ರಿ ಹಿತ. ಹಿಮದಂತಿದ್ದರೆ ಪರಿಮಳವೇ ಏಳುವುದಿಲ್ಲ, ಕೆಟ್ಟದ್ದೂ ಮರೆಯಾಗುತ್ತದೆ. ಶುಚಿಯಾದ ಗಾಜಿನ ಲೋಟಕ್ಕೆ ಓರೆಯಾಗಿ ಸುರಿದು, ಕೊನೆಗೆ ನೆಟ್ಟಗೆ ಮಾಡಿ ನೊರೆ ಎಬ್ಬಿಸಿ. ಮೊದಲು ಮೂಸಿ. ತೊಯ್ದ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ ಎಂದರ್ಥ. ಇರಬಾರದ ಹುಳಿ ಬಂದರೂ ಚೆಲ್ಲಿಬಿಡಿ, ದುಡ್ಡಿನ ಮುಖ ನೋಡಬೇಡಿ. ಮಬ್ಬಾಗಿದ್ದಷ್ಟಕ್ಕೇ ದೂರಬೇಡಿ, ಸೋಸದ ಏಲ್‌ನಲ್ಲಿ ಈಸ್ಟ್ ಇರುವುದು ಸಹಜ.

ಜತೆಗೆ ಗಿರ್ಮಿಟ್ ಆದೀತು. ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ ಹಚ್ಚಿದ ಶೇಂಗಾ ಇನ್ನೂ ಒಳ್ಳೆಯದು: ಬಣ್ಣ ಜೋರು, ಖಾರ ಕಡಿಮೆ, ಮಾಲ್ಟಿನ ಸಿಹಿ ಸತ್ತುಹೋಗುವುದಿಲ್ಲ.

ಶೇ. 8ರ ಏಲ್ ಒಂದು ಲೋಟ ಸಾಕು. 21 ತುಂಬದವರಿಗೂ ಆ ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸಬೇಕಾದವರಿಗೂ ಅದೂ ಬೇಡ.